ಮುಂದಿನ ಕಿವಿ

ನಮ್ಮೂರಲ್ಲಿ ಒಬ್ಬರು ಆಡಿದ ಮಾತು ಒಬ್ಬರಿಗೇ ಕೇಳಿಸೋದು. ಸಂತೆ ನಡುವೆ ನಿಂತು ಗಂಟಲು ಹರಿಯೋ ಹಾಗೆ ಕೂಗಿದರೂ, ನೀವು ಯಾರ ಮುಖ ನೋಡ್ತಿದ್ದೀರೋ ಅವರ ಕಿವಿಗೆ ಬಿದ್ದು ಅಲ್ಲಿಗೇ ಮುಗೀತು. ಗಂಟೆ ಬಾರಿಸಿದರೂ ಅಷ್ಟೇ, ಕೆಂಪು ಬಾವುಟ ಎತ್ತಿದರೂ ಅಷ್ಟೇ. ಗೋಡೆ ಮೇಲೆ ಬರೆದು ಅಂಟಿಸಿದರೆ ಮೊದಲು ಓದಿದವರ ಕಣ್ಣಿಗೇ ಆ ಅಕ್ಷರ ಖರ್ಚಾಗಿ ಹೋಗುತ್ತೆ. ಯಾಕೆ ಅಂತ ಕೇಳಬೇಡಿ. ಹೊರಗಿನಿಂದ ಬಂದವರೆಲ್ಲ ಮೊದಲು ಅದನ್ನೇ ಕೇಳ್ತಾರೆ, ನನಗೆ ಸಾಕಾಗಿಹೋಗಿದೆ. ನಿಮ್ಮೂರಲ್ಲಿ ನೀರು ಯಾಕೆ ಕೆಳಗೇ ಹರಿಯುತ್ತೆ ಅಂತ ನಾನು ಕೇಳ್ತೀನಾ?

ಹಾಗಾಗಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಮುಂದಿನ ಕಿವಿ ಇರುತ್ತೆ. ಸುದ್ದಿ ನಿಮ್ಮ ಹತ್ತಿರ ಬಂತು ಅಂದರೆ ಕೈಯಲ್ಲಿರೋ ಕೆಲಸ ಬಿಟ್ಟು ಹೋಗಿ ನಿಮ್ಮ ಮುಂದಿನ ಕಿವಿಗೆ ಹೇಳಬೇಕು. ಹೇಳಿ, ವಾಪಸ್ ಬಂದು, ನಿಮಗೆ ಹೇಳಿದವರ ಎದುರಿಗೆ ನಿಂತು ‘ಮುಟ್ಟಿಸಿದೆ’ ಅನ್ನಬೇಕು. ಅವರು ‘ಮುಟ್ಟಿತು’ ಅಂದಮೇಲೇ ನಿಮಗೆ ಬಿಡುಗಡೆ. ಅಲ್ಲಿವರೆಗೆ ಜಾಗ ಬಿಟ್ಟು ಕದಲೋ ಹಾಗಿಲ್ಲ. ಮಾತು ಮುಟ್ಟಿಸದವರ ಮನೆಗೆ ಹೆಣ್ಣು ಕೊಡೋಕೂ ಜನ ಹಿಂದೆಮುಂದೆ ನೋಡ್ತಾರೆ.

ನನ್ನ ಹೆಸರು ತಿಮ್ಮಾಜಮ್ಮ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂರೋಳು. ಊರಿನ ಮೊದಲ ಕಿವಿ ನಾನೇ. ನಮ್ಮದು ಬಣ್ಣ ಹಾಕೋ ಊರು. ಅದ್ದಿ ತೆಗೆದ ಸೀರೆ, ಪಂಚೆ, ಥಾನು ಥಾನು ಬಟ್ಟೆಯನ್ನ ಹೊಳೆ ಒಳಗಿನ ಮರಳಿನ ಮೇಲೇ ಹಾಸಿ ಒಣಗಿಸೋದು. ಹೊಳೆಗೆ ಮೇಲುಗಡೆ ಒಂದು ಅಣೆಕಟ್ಟು ಇದೆ. ಅವರು ಗೇಟು ಎತ್ತೋ ದಿನ ಮೊದಲೇ ನನಗೆ ಫೋನ್ ಮಾಡ್ತಾರೆ. ನಾನು ನನ್ನ ಮುಂದಿನ ಕಿವಿಗೆ ಹೇಳಬೇಕು, ಅವರು ಅವರ ಮುಂದಿನ ಕಿವಿಗೆ, ಹಾಗೆ ಬೀದಿ ಇಳಿದು, ಮೆಟ್ಟಿಲು ಇಳಿದು ಮಾತು ಮರಳಿಗೆ ಹೋಗಬೇಕು. ಮರಳಿನ ಮೇಲಿದ್ದ ಕಟ್ಟಕಡೆಯ ಕಿವಿ ಯಾರದು ಅಂದರೆ ನನ್ನ ತಂಗಿ ಕೆಂಪಾಜಿದು, ನಾವು ಕೆಂಪಿ ಅನ್ನೋದು.

ಒಂದು ಸಲ ಮಾಗಿಯಲ್ಲಿ ಮಾತು ನಡುವೆ ಒಂದು ಕಡೆ ನಿಂತುಬಿಟ್ಟಿತು. ಹೋಟೆಲಿನ ಚನ್ನಿಗಪ್ಪನ ಹತ್ತಿರ. ಆ ಮನುಷ್ಯ ಕೆಟ್ಟವನಲ್ಲ, ಗಿರಾಕಿ ಎಲೆಗೆ ಸಾರು ಬಡಿಸ್ತಿದ್ದ, ಬಡಿಸಿ ಮುಗಿಸಿ ಹೋಗೋಣ ಅಂತ ನಿಂತ, ಅಷ್ಟೇ. ಅಷ್ಟರಲ್ಲಿ ನೀರು ಬಂತು. ಉಳಿದವರು ಒಬ್ಬರು ಓಡೋದು ನೋಡಿ ಒಬ್ಬರು ಓಡಿದರು, ಕೆಂಪಿ ಮಾತ್ರ ನೀರು ಬರೋ ಬದಿಗೆ ಬೆನ್ನು ಹಾಕಿ ಬಗ್ಗಿ ಬಟ್ಟೆ ಎಳೀತಿದ್ದಳು. ಒದ್ದೆ ಸೀರೆ ಹಿಡಿದುಕೊಂಡು ಹೇಗೋ ಬದುಕಿದಳು. ಎಡಗಾಲು ಮಾತ್ರ ಬಂಡೆಗೆ ಸಿಕ್ಕಿ ಕೆಟ್ಟುಹೋಯ್ತು. ಅವತ್ತಿಂದ ಚನ್ನಿಗಪ್ಪ ದಿನಾ ಬೆಳಿಗ್ಗೆ ಅವಳ ಮನೆ ಬಾಗಿಲಿಗೆ ಇಡ್ಲಿ ತಂದಿಟ್ಟು ತಲೆ ತಗ್ಗಿಸಿಕೊಂಡು ಹೋಗ್ತಾನೆ. ಕೆಂಪಿ ತಿಂತಾಳೆ. ನನಗೆ ಮಾತ್ರ ಆ ಇಡ್ಲಿ ಕಂಡರೆ ಮೈ ಉರಿಯೋದು.

ಅದಕ್ಕೇ ಟೆಲಿಫೋನ್ ಇಲಾಖೆಯಿಂದ ಲಾಜರಸ್ ಅನ್ನೋರು ಕಂಪ್ಯೂಟರುಗಳನ್ನ ಲಾರಿಯಲ್ಲಿ ಹೇರಿಕೊಂಡು ಬಂದಾಗ ಊರಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿದವಳು ನಾನು. ಅವರು ಬಂದ ದಿನ ಛತ್ರದಲ್ಲಿ ಸಭೆ ಕರೆದು ಬಹಳ ಹೊತ್ತು ಭಾಷಣ ಮಾಡಿದರು. ಮುಂದಿನ ಸಾಲಿನ ಹೂವಿನ ನಿಂಗಮ್ಮನಿಗೆ ಮಾತ್ರ ಕೇಳಿಸಿತು. ಉಳಿದ ಜನ ಮರ್ಯಾದೆಗೆ ಕೂತಿದ್ದರು. ಕೊನೆಗೆ ನಾನೇ ಎದ್ದು ಹೋಗಿ ಅವರ ಕಿವಿಯಲ್ಲಿ ಹೇಳಿದೆ: “ಸ್ವಾಮಿ, ನೀರು ಕುಡೀರಿ. ನನಗೊಬ್ಬಳಿಗೆ ಹೇಳಿ, ಮಿಕ್ಕಿದ್ದು ನಾನು ನೋಡಿಕೋತೀನಿ.”

ಅವರು ಹೇಳಿದ್ದು ಇಷ್ಟು. ಎಕ್ಸ್‌ಚೇಂಜಿನಲ್ಲಿ ದೊಡ್ಡ ಕಂಪ್ಯೂಟರು, ಬೇಕಾದ ಮನೆಗಳಲ್ಲಿ ಸಣ್ಣವು. ಫೋನಿನ ತಂತಿ ಮೇಲೇ ಅವು ಕೀ ಅಂತ ಕಿರುಚಿಕೊಂಡು ಒಂದಕ್ಕೊಂದು ಮಾತಾಡ್ತವೆ. ದೊಡ್ಡದರೊಳಗೆ ಒಂದು ಲಿಸ್ಟ್ ಮಾಡೋದು, ಅದಕ್ಕೊಂದು ವಿಳಾಸ ಕೊಡೋದು. ಆ ಒಂದು ವಿಳಾಸಕ್ಕೆ ಇಮೇಲ್ ಕಳಿಸಿದರೆ ಸಾಕು, ಲಿಸ್ಟಿನಲ್ಲಿ ಹೆಸರಿರೋರಿಗೆಲ್ಲ ತಲಾ ಒಂದೊಂದು ಪ್ರತಿ ತಾನಾಗೇ ಹೋಗುತ್ತೆ. ಎಲ್ಲರಿಗೂ ಬೇರೆ ಬೇರೆ ಪ್ರತಿ ಆದ್ದರಿಂದ ಅಕ್ಷರ ಖರ್ಚಾಗೋ ಪ್ರಶ್ನೆ ಇಲ್ಲ.

“ಎಲ್ಲರಿಗೂ ಅಂದರೆ?” ಅಂದೆ.

“ಎಲ್ಲರಿಗೂ ಅಂದರೆ ಎಲ್ಲರಿಗೂ ಮೇಡಂ. ಒಟ್ಟಿಗೇ.”

ಅವತ್ತೇ ಒಪ್ಪಿಕೊಂಡೆ. ಆಮೇಲೆ ಮೊದಲ ಸಣ್ಣ ಕಂಪ್ಯೂಟರನ್ನ ಹೊಳೆ ದಡದ ಬಣ್ಣದ ಶೆಡ್ಡಿನಲ್ಲಿ ಇಡಿಸಿದೆ. ಕಾಲು ಕೆಟ್ಟಮೇಲೆ ಕೆಂಪಿಗೆ ಮರಳಿನ ಕೆಲಸ ಆಗ್ತಿರಲಿಲ್ಲ, ಶೆಡ್ಡಲ್ಲಿ ಕೂತು ಬಟ್ಟೆ ಎಣಿಸ್ತಿದ್ದಳು. ಅವಳ ಮೇಜಿನ ಮೇಲೇ ಇಡಿಸಿದೆ. ಶೆಡ್ಡಿಗೆ ಇದ್ದದ್ದು ಒಂದೇ ತಂತಿ, ಅದರಲ್ಲಿ ಫೋನೂ ಕಂಪ್ಯೂಟರೂ ಎರಡೂ ನಡೆಯೋದಿಲ್ಲ ಅಂತ ಲಾಜರಸ್ ಫೋನು ಬಿಚ್ಚಿ ಪಕ್ಕಕ್ಕಿಟ್ಟರು. ಎಲ್ಲ ಮನೆಯಲ್ಲೂ ಹಾಗೇ ಆಯ್ತು. ಮುಖ ನೋಡಿ ಮಾತು ಮುಟ್ಟಿಸೋ ಊರಲ್ಲಿ ಫೋನು ಬಳಸೋರೇ ಕಡಿಮೆ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನನಗಂತೂ ಖುಷಿಯೇ. ಕಟ್ಟಕಡೆಯ ಕಿವಿ ಆಗಿದ್ದ ನನ್ನ ತಂಗಿ ಇನ್ನು ಮೊದಲನೇ ಸಾಲು.

ಶುರುವಿನಲ್ಲಿ ಪಟ್ಟ ಪಾಡು ಹೇಳತೀರದು. ಲಿಸ್ಟಿಗೆ ಸೇರೋಕೆ ಒಂದು ವಿಳಾಸ, ಅದು ಗುಮಾಸ್ತೆ ಇದ್ದ ಹಾಗೆ, ಹೆಸರು ಬರೆದುಕೊಳ್ಳೋದು ಅಳಿಸೋದು ಅದರ ಕೆಲಸ. ಎಲ್ಲರಿಗೂ ಸುದ್ದಿ ಕಳಿಸೋಕೆ ಇನ್ನೊಂದು ವಿಳಾಸ. ಗುಮಾಸ್ತೆಗೆ ಸಬ್‌ಸ್ಕ್ರೈಬ್ ಅಂತ ಬರೆದು ಪಕ್ಕದಲ್ಲಿ ಹೆಸರು ಹಾಕಬೇಕು, ಬೇರೆ ಒಂದಕ್ಷರ ಬರೀಬಾರದು. ಚನ್ನಿಗಪ್ಪ ಬಿಟ್ಟಾನಾ? ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕೂರಿಸಿ ದೊಡ್ಡ ಕಾಗದವನ್ನೇ ಬರೆದ. ಮಾನ್ಯರೇ, ತಾವು ಕ್ಷೇಮ ಅಂತ ಭಾವಿಸಿದ್ದೇನೆ, ನಾವೆಲ್ಲ ಇಲ್ಲಿ ಕ್ಷೇಮ, ದಯಮಾಡಿ ನನ್ನನ್ನೂ ಸೇರಿಸಿಕೊಳ್ಳಬೇಕು. ಗುಮಾಸ್ತೆ ಒಂದೊಂದು ಸಾಲಿಗೂ ಪ್ರತ್ಯೇಕ ಉತ್ತರ ಕೊಟ್ಟಿತು: ‘ಮಾನ್ಯರೇ’ ಅನ್ನೋ ಆಜ್ಞೆ ನನಗೆ ಗೊತ್ತಿಲ್ಲ, ‘ತಾವು ಕ್ಷೇಮ’ ಅನ್ನೋ ಆಜ್ಞೆ ನನಗೆ ಗೊತ್ತಿಲ್ಲ. ಚನ್ನಿಗಪ್ಪ ಮುಖ ಸಣ್ಣ ಮಾಡಿಕೊಂಡು ಎಕ್ಸ್‌ಚೇಂಜಿಗೆ ಬಂದ.

“ಅಕ್ಕಾ, ಅದಕ್ಕೆ ನನ್ನ ಮೇಲೆ ಸಿಟ್ಟಾ?” ಅಂದ.

“ಅದಕ್ಕೆ ಸಿಟ್ಟು ಬರೋದಿಲ್ಲ. ಇಲ್ಲಿ ಕೂತಿದೀನಲ್ಲ, ನನಗೆ ಬರುತ್ತೆ” ಅಂದೆ. ಕೊನೆಗೆ ನಾನೇ ಅವನ ಹೆಸರು ಹಾಕಿದೆ.

ಒಬ್ಬೊಬ್ಬರೇ ಸೇರಿದರು. ಪರೀಕ್ಷೆಗೆ ಅಂತ ಲಾಜರಸ್ ಒಂದು ಸಂದೇಶ ಬಿಟ್ಟರು, ಇವತ್ತು ಬಿಸಿಲು ಚೆನ್ನಾಗಿದೆ ಅಂತ. ಅವತ್ತು ಸಾಯಂಕಾಲ ಬೀದಿಗೆ ಬಂದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಹೇಳೋಕೆ ಅಂತ ಬಾಯಿ ತೆಗೆದರೆ ಎದುರಿಗಿರೋರಿಗೆ ಆಗಲೇ ಗೊತ್ತು. ಹುಟ್ಟಿದಾಗಿಂದ ಹೀಗಾಗಿರಲಿಲ್ಲವಲ್ಲ, ಎಲ್ಲರಿಗೂ ಒಂಥರಾ ನಾಚಿಕೆ. ನಿಂಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೇ ನಕ್ಕಳು.

ಲಾಜರಸ್ ಹೊರಡೋ ಮುಂಚೆ ಒಂದು ಎಚ್ಚರಿಕೆ ಕೊಟ್ಟರು. “ಬಂದ ಸುದ್ದಿಯನ್ನ ಯಾರೂ ಮುಂದಕ್ಕೆ ದಾಟಿಸೋದು ಬೇಡ. ರಿಪ್ಲೈ ಒತ್ತಿದರೆ ಅದು ಕಳಿಸಿದವರೊಬ್ಬರಿಗೆ ಹೋಗೋದಿಲ್ಲ, ಮತ್ತೆ ಲಿಸ್ಟಿಗೇ ಬರುತ್ತೆ. ಲಿಸ್ಟಿಗೆ ಬಂದದ್ದು ಮತ್ತೆ ಎಲ್ಲರಿಗೂ ಹೋಗುತ್ತೆ. ಇದನ್ನ ಜನಕ್ಕೆ ತಿಳಿಸಿ ಮೇಡಂ.”

ತಿಳಿಸಿದೆ. ಮನೆ ಮನೆಗೆ ಹೋಗಿ ಒಬ್ಬೊಬ್ಬರ ಕಿವಿಯಲ್ಲೂ ಹೇಳಿದೆ. ಎಲ್ಲರೂ ಹೂಂ ಹೂಂ ಅಂತ ತಲೆ ಆಡಿಸಿದರು. ಬಿಸಿಲು ಚೆನ್ನಾಗಿದೆ ಅನ್ನೋದನ್ನ ಯಾರೂ ದಾಟಿಸಿರಲಿಲ್ಲ, ಹಾಗಾಗಿ ನನಗೂ ನಂಬಿಕೆ ಬಂತು. ಅದು ಪರೀಕ್ಷೆ, ನಿಜವಾದ ಮಾತಲ್ಲ, ಅದಕ್ಕೇ ಸುಮ್ಮನಿದ್ದಾರೆ ಅನ್ನೋದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನಿಜವಾದ ಮಾತು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಮದುವೆ ಕಾಲ ಹತ್ತಿರ ಬಂದಿತ್ತು, ಮರಳು ಕಾಣಿಸದಷ್ಟು ಬಟ್ಟೆ ಹಾಸಿದ್ದರು. ಅಣೆಕಟ್ಟಿನವರು ಫೋನ್ ಮಾಡಿದರು. ಮಧ್ಯಾಹ್ನದ ಊಟದ ಹೊತ್ತು ಕಳೆದಮೇಲೆ ಗೇಟು ಎತ್ತುತ್ತೇವೆ, ನಿಧಾನವಾಗಿ ಎಲ್ಲ ತೆಗೆದುಕೊಳ್ಳಿ ಅಂದರು. ನಾನು ಸೆರಗು ಸಿಕ್ಕಿಸಿಕೊಂಡು ಕೂತು ಲಿಸ್ಟಿಗೆ ಬರೆದೆ: ಊಟದ ಹೊತ್ತಿನ ಮೇಲೆ ನೀರು ಬರುತ್ತೆ, ಬಟ್ಟೆ ಮಡಿಸಿಕೊಂಡು ಮೇಲೆ ಬನ್ನಿ. ಕಂಪ್ಯೂಟರು ಕಿರುಚಿತು, ಮನೆಮನೆಗೂ ಹೋಯ್ತು. ಕಿಟಕಿಯಿಂದ ನೋಡಿದೆ. ಬೀದಿಯಲ್ಲಿ ಓಡಾಟ ಇಲ್ಲ, ಬಾಗಿಲು ಬಡಿಯೋದಿಲ್ಲ. ಎಂಥ ಸುಖ ಅನ್ನಿಸಿತು. ಒಂದು ಲೋಟ ಕಾಫಿ ಬೆರೆಸಿಕೊಂಡೆ.

ಕಾಫಿ ಆರೋದರೊಳಗೆ ಚನ್ನಿಗಪ್ಪನಿಂದ ಮೊದಲನೆಯದು ಬಂತು. ‘ಮುಟ್ಟಿಸಿದೆ.’

ಅವನು ನನಗೊಬ್ಬಳಿಗೇ ಹೇಳ್ತಿದೀನಿ ಅಂದುಕೊಂಡಿದ್ದ. ಅದು ಎಲ್ಲರಿಗೂ ಹೋಯ್ತು. ಪ್ರತಿಯೊಬ್ಬರೂ ಚನ್ನಿಗಪ್ಪ ತನಗೇ ಬಂದು ‘ಮುಟ್ಟಿಸಿದೆ’ ಅಂದ ಅಂದುಕೊಂಡರು. ಮುಟ್ಟಿಸಿದೆ ಅಂದವರಿಗೆ ‘ಮುಟ್ಟಿತು’ ಅನ್ನದೆ ಇರೋದುಂಟಾ? ಎಲ್ಲರೂ ಅಂದರು. ಆ ಒಂದೊಂದು ‘ಮುಟ್ಟಿತು’ ಕೂಡ ಎಲ್ಲರಿಗೂ ಹೋಯ್ತು. ನಡುವೆ ಕೆಲವರು ನನ್ನ ಸುದ್ದಿಯನ್ನೇ ಮತ್ತೆ ಬರೆದು ಮುಂದಿನ ಕಿವಿಗೆ ಅಂತ ದಾಟಿಸಿದರು. ಅದು ಬಂದವರೆಲ್ಲ ಮತ್ತೆ ದಾಟಿಸಿದರು, ದಾಟಿಸಿ ‘ಮುಟ್ಟಿಸಿದೆ’ ಅಂದರು. ಪರದೆ ಮೇಲೆ ಹಸಿರು ಸಾಲು ನಿಲ್ಲದೆ ಏರ್ತಾ ಹೋಯ್ತು. ನಾನು ಮೊದಮೊದಲು ನಕ್ಕೆ. ಲಾಜರಸ್ ಬಂದಾಗ ಹೇಳಿ ನಗಿಸೋಣ ಅಂದುಕೊಂಡೆ.

ಅಷ್ಟರಲ್ಲಿ ಅಣೆಕಟ್ಟಿನ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಆ ಮನುಷ್ಯ ಒಂದೇ ಉಸಿರಲ್ಲಿ ಹೇಳಿದ.

“ಅಮ್ಮಾ, ಗೇಟಿನ ಸರಪಳಿ ಕಿತ್ತುಹೋಗಿದೆ. ನೀರು ಆಗಲೇ ಹೊರಟಿದೆ. ಊಟದ ಹೊತ್ತಲ್ಲ, ಈಗಲೇ. ನಿಮ್ಮವರನ್ನ ಮೇಲೆ ಕರೆಸಿ.”

ಲಿಸ್ಟಿಗೆ ಬರೆದೆ: ನೀರು ಬಂತು, ಬಟ್ಟೆ ಬಿಟ್ಟು ಓಡಿ. ಒತ್ತಿದೆ. ಹೋಗಲಿಲ್ಲ. ದೊಡ್ಡ ಕಂಪ್ಯೂಟರಿಗೆ ಒಂದು ಸಲಕ್ಕೆ ಒಂದೇ ಮನೆಗೆ ಕರೆ ಮಾಡೋಕಾಗೋದು. ಬಾವಿಯಿಂದ ಒಂದೊಂದೇ ಕೊಡ ಸೇದಿದ ಹಾಗೆ ಅದು ಒಂದೊಂದೇ ಸಂದೇಶ ಎತ್ತಿ ಕೊಡುತ್ತೆ. ನನ್ನ ಮಾತಿನ ಮುಂದೆ ಊರಿನ ಮುಟ್ಟಿಸಿದೆ ಮುಟ್ಟಿತುಗಳೆಲ್ಲ ಸಾಲು ನಿಂತಿದ್ದವು, ನಿಮಿಷ ನಿಮಿಷಕ್ಕೂ ಹೊಸವು ಬಂದು ಸೇರ್ತಿದ್ದವು. ಕೆಂಪಿಗೊಬ್ಬಳಿಗೇ ಬೇರೆ ಕಳಿಸೋಣ ಅಂದರೆ ಅದೂ ಹೋಗಿ ಅದೇ ಸಾಲಿನ ಹಿಂದೆ ನಿಂತಿತು. ಶೆಡ್ಡಿಗೆ ಫೋನ್ ಮಾಡೋಣ ಅಂದರೆ ಫೋನು ಬಿಚ್ಚಿಟ್ಟಿದೆ.

ಬಾಗಿಲಿಗೆ ಓಡಿದೆ. ಹಳೇ ಪದ್ಧತಿಯಲ್ಲೇ ಹೇಳಿಬಿಡೋಣ, ಅಲ್ಲಿಂದಲಾದರೂ ಮಾತು ಹೊರಡಲಿ ಅಂತ. ನನ್ನ ಮುಂದಿನ ಕಿವಿ ಎದುರುಮನೆಯ ನಿಂಗಮ್ಮ, ಸದಾ ಜಗುಲಿ ಮೇಲೆ ಕೂತು ಹೂ ಕಟ್ಟೋಳು. ಜಗುಲಿ ಖಾಲಿ. ಬೀದಿಗೆ ಬೀದಿಯೇ ಖಾಲಿ. ಎಲ್ಲರೂ ಒಳಗೆ ಕಂಪ್ಯೂಟರ್ ಮುಂದೆ ಕೂತು ನಿಯತ್ತಾಗಿ ಮುಟ್ಟಿಸ್ತಾ ಇದ್ದರು. ಅಲ್ಲಿಂದ ಹೊಳೆವರೆಗೆ ಒಬ್ಬೊಬ್ಬರನ್ನ ಎಬ್ಬಿಸಿ ಹೇಳಿಕೊಂಡು ಹೋಗೋದರೊಳಗೆ ಎಲ್ಲ ಮುಗಿದಿರುತ್ತೆ. ಮರಳಿನ ಮೇಲೆ ಜನ ಇನ್ನೂ ಊಟದ ಹೊತ್ತು ದೂರ ಇದೆ ಅಂತ ಸಾವಕಾಶವಾಗಿ ಸೀರೆ ಮಡಿಸ್ತಿರೋದು, ಕೆಂಪಿ ಶೆಡ್ಡಿನ ಬಾಗಿಲಲ್ಲಿ ಕಾಲು ಚಾಚಿಕೊಂಡು ಕೂತಿರೋದು ನನ್ನ ಕಣ್ಣಿಗೆ ಕಟ್ಟಿತು.

ವಾಪಸ್ ಬಂದು ಕೂತೆ. ಸಾಲನ್ನ ಒರೆಸಿಹಾಕೋಕೆ ಒಂದು ಆಜ್ಞೆ ಇತ್ತು. ಒರೆಸಿದೆ. ಉಸಿರು ಬಿಡೋದರೊಳಗೆ ಹೊಸ ‘ಮುಟ್ಟಿತು’ ಬಂದು ಮತ್ತೆ ಊರಗಲ ಹರಡಿಕೊಂಡಿತು. ಲಿಸ್ಟ್ ಇರೋತನಕ ಇದು ನಿಲ್ಲೋದಿಲ್ಲ. ಲಿಸ್ಟನ್ನೇ ತೆಗೀಬೇಕು. ತಿಂಗಳುಗಟ್ಟಲೆ ಕೂತು, ಬೈದು, ಬೇಡಿ, ಒಂದೊಂದೇ ಹೆಸರು ಸೇರಿಸಿದ ಲಿಸ್ಟು. ತೆಗೆದರೆ ಮತ್ತೆ ಊರಿಗೆ ಹೇಳೋಕೆ ನನ್ನ ಹತ್ತಿರ ಏನೂ ಉಳಿಯೋದಿಲ್ಲ. ಹಳೇದು ಸತ್ತಿದೆ, ಹೊಸದನ್ನ ನಾನೇ ಕೊಲ್ಲಬೇಕು. ಕಂಪ್ಯೂಟರು ಕೇಳಿತು, ಖಂಡಿತಾನಾ? ಹೂಂ ಅಂದೆ. ಇನ್ನೊಂದು ಸಲ ಕೇಳಿತು. ಹೂಂ ಅಂತ ಹೇಳಿದೆನಲ್ಲೋ ಅಂತ ಅದರ ಮುಖಕ್ಕೇ ಬೈದು ಒತ್ತಿದೆ.

ಪರದೆ ಖಾಲಿ ಆಯ್ತು. ನಾನು ಹೊಸ ಲಿಸ್ಟ್ ಶುರುಮಾಡಿದೆ. ಒಂದು ಹೆಸರು ಹಾಕಿದೆ, ಕೆಂಪಾಜಿ. ಇನ್ನೊಂದು ಹೆಸರು ಹಾಕೋಕೆ ಟೈಮಿರಲಿಲ್ಲ, ಮನಸ್ಸೂ ಇರಲಿಲ್ಲ. ಬರೆದೆ: ‘ಕೆಂಪಿ, ನೀರು ಬಂತು. ಬಟ್ಟೆ ಬಿಟ್ಟು ಎಲ್ಲ ಮೇಲೆ ಹತ್ತಿ. ನೀನು ಮೊದಲು ಹತ್ತು.’

ಕಂಪ್ಯೂಟರು ಕಿರುಚಿ ಸುಮ್ಮನಾಯ್ತು. ಹೋಯ್ತು ಅಂತ ಬಂತು. ಸ್ವಲ್ಪ ಹೊತ್ತಿಗೆ ಉತ್ತರ: ‘ಓದಿದೆ. ಮುಟ್ಟಿಸ್ತೀನಿ.’

ನೀನು ಮೊದಲು ಹತ್ತು ಅಂತ ಬರೆದರೆ ಅವಳು ಮುಟ್ಟಿಸ್ತೀನಿ ಅಂತಾಳೆ. ಆಗ ನನಗೆ ಗೊತ್ತಾಯ್ತು ನಾನು ಏನು ಮಾಡಿದ್ದೆ ಅಂತ. ಊರಿಗೆಲ್ಲ ಹೇಳಬೇಕಾದ ಮಾತನ್ನ ಒಬ್ಬಳು ಕುಂಟಿಯ ತಲೆ ಮೇಲೆ ಹಾಕಿದ್ದೆ. ಮಾತು ಬಂದಮೇಲೆ ಅದನ್ನ ಇಟ್ಟುಕೊಂಡು ಮೆಟ್ಟಿಲು ಹತ್ತೋಳಲ್ಲ ಅವಳು. ಆ ಕಾಲೆಳೆದುಕೊಂಡು ಮರಳಿಗೆ ಇಳೀತಾಳೆ, ಒಬ್ಬೊಬ್ಬರ ಎದುರಿಗೆ ನಿಂತು ಹೇಳ್ತಾಳೆ. ನನಗೆ ಕುರ್ಚಿಯಲ್ಲಿ ಕೂರೋಕಾಗಲಿಲ್ಲ. ಚಪ್ಪಲಿ ಹಾಕದೆ ಓಡಿದೆ.

ಹೋಟೆಲಿನ ಮುಂದೆ ಬಂದಾಗ ಕಂಡಿತು, ಚನ್ನಿಗಪ್ಪ ಒಲೆ ಮೇಲೆ ಹಾಲು ಉಕ್ಕಿ ಹರೀತಿದ್ದರೂ ನೋಡದೆ, ಎರಡೂ ಕೈಯಲ್ಲಿ ಕೀಲಿಮಣೆ ಕುಟ್ತಾ ಕೂತಿದ್ದ. ಮುಖದಲ್ಲಿ ಬೆವರು. ನನ್ನ ಕಂಡು ಎದ್ದು ನಿಂತ.

“ಅಕ್ಕಾ, ಈ ಸಲ ನನ್ನ ಹತ್ತಿರ ಒಂದು ಮಾತೂ ನಿಂತಿಲ್ಲ” ಅಂದ. “ಬಂದದ್ದಕ್ಕೆಲ್ಲ ಉತ್ತರ ಕೊಟ್ಟಿದೀನಿ.”

ಬೈಯೋಣ ಅಂತ ಬಾಯಿ ತೆಗೆದೆ. ಆ ಮುಖ ನೋಡಿ ಬೈಯೋಕಾಗಲಿಲ್ಲ. “ನೀರು ಆಗಲೇ ಬಂದಿದೆ ಕಣೋ. ಕೆಂಪಿ ಕೆಳಗಿದಾಳೆ” ಅಂದೆ.

ಅವನ ಬಣ್ಣ ಇಳಿದುಹೋಯ್ತು. ಪಂಚೆ ಎತ್ತಿ ಕಟ್ಟಿದವನು ನನಗಿಂತ ಮುಂದೆ ಓಡಿದ. ಆ ಮೈ ಹೊತ್ತುಕೊಂಡು ಅವನು ಅಷ್ಟು ಜೋರಾಗಿ ಓಡಬಲ್ಲ ಅಂತ ನನಗೆ ಗೊತ್ತಿರಲಿಲ್ಲ.

ಮೆಟ್ಟಿಲ ಮೇಲುಗಡೆ ಬಂದು ನಿಂತರೆ ಹೊಳೆ ಕಂಡಿತು. ಕಂದು ನೀರು ಆಗಲೇ ಮರಳನ್ನ ಅರ್ಧ ನುಂಗಿತ್ತು. ಕೆಂಪು, ಅರಿಶಿನ, ನೀಲಿ, ಎಲ್ಲ ಸೀರೆಗಳೂ ಎದ್ದು ಒಂದರ ಮೇಲೊಂದು ಸುತ್ತಿಕೊಂಡು ಹೋಗ್ತಿದ್ದವು. ಜನ ಮೆಟ್ಟಿಲು ಹತ್ತಿ ಬರ್ತಿದ್ದರು. ಅಷ್ಟು ಜನ ಒಟ್ಟಿಗೆ ಹೇಗೆ ಬಂದರು ಅಂತ ಯೋಚಿಸೋ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ಗುಂಪಲ್ಲಿ ಕೆಂಪಿ ಇರಲಿಲ್ಲ.

ನಿಮ್ಮೂರಲ್ಲಾದರೆ ಒಂದು ಸಲ ಕೂಗಿ ಕೇಳಿಬಿಡಬಹುದು, ನನ್ನ ತಂಗಿಯನ್ನ ಯಾರಾದರೂ ನೋಡಿದಿರಾ ಅಂತ. ನಾನು ಒಬ್ಬೊಬ್ಬರ ಭುಜ ಹಿಡಿದು, ಮುಖ ನನ್ನ ಕಡೆ ತಿರುಗಿಸಿ ಕೇಳಬೇಕು. ಕೆಂಪಿ ಎಲ್ಲಿ? ಇಲ್ಲ. ಕೆಂಪಿ ಎಲ್ಲಿ? ನಾನು ನೋಡಲಿಲ್ಲ. ಮೂಗಿನ ತುದಿ ತನಕ ನೀಲಿ ಮೆತ್ತಿಕೊಂಡಿದ್ದ ಒಬ್ಬ ಹೆಂಗಸು ಮಾತ್ರ ಹೇಳಿದಳು.

“ಅವಳು ನನಗೊಬ್ಬಳಿಗೇ ಹೇಳಿದ್ದು ಅಕ್ಕ. ನೀನು ಇಬ್ಬರಿಗೆ ಹೇಳು, ಅವರಿಗೂ ತಲಾ ಇಬ್ಬರಿಗೆ ಹೇಳೋಕೆ ಹೇಳು ಅಂದಳು. ಒಬ್ಬರಿಗಲ್ಲವಾ ಹೇಳೋದು ಅಂದೆ. ಹೇಳಿದಷ್ಟು ಮಾಡು ಅಂತ ಗದರಿದಳು. ಆಮೇಲೆ ಎಲ್ಲಿ ಹೋದಳೋ ಕಾಣೆ.”

ಕೆಳಗೆ ನೋಡಿದೆ. ಶೆಡ್ಡಿನ ಜಗುಲಿಗೆ ನೀರು ಬಡೀತಿತ್ತು. ಬಾಗಿಲು ತೆರೆದಿತ್ತು. ಒಳಗೆ ಹಸಿರು ಬೆಳಕು ಉರೀತಿತ್ತು, ಅದರ ಮುಂದೆ ಕೆಂಪಿಯ ಬೆನ್ನು ಕಂಡಿತು.

ಅವಳು ಮರಳಿಗೆ ಇಳಿದೇ ಇರಲಿಲ್ಲ. ಬಾಗಿಲಲ್ಲಿ ಸಿಕ್ಕವಳಿಗೆ ಹೇಳಿ, ತಿರುಗಿ ಬಂದು ಕುರ್ಚಿಯಲ್ಲಿ ಕೂತಿದ್ದಳು. ಮುಟ್ಟಿಸಿದೆ ಅಂತ ನನಗೆ ಬರೆದು, ನನ್ನ ‘ಮುಟ್ಟಿತು’ ಬರಲಿ ಅಂತ ಕಾಯ್ತಿದ್ದಳು. ಬಿಡುಗಡೆ ಕೊಡಬೇಕಾದವಳು ಕುರ್ಚಿ ಬಿಟ್ಟು ಇಲ್ಲಿ ಮೆಟ್ಟಿಲ ಮೇಲೆ ನಿಂತಿದ್ದೆ. ಅವಳ ಕಡೆಯಿಂದ ನೋಡಿದರೆ ನಾನು ಓದಿಲ್ಲ, ಮಾತು ಇನ್ನೂ ಮುಗಿದಿಲ್ಲ.

ಕೂಗಿದೆ. ಅವಳ ಬೆನ್ನು ನನ್ನ ಕಡೆಗಿತ್ತು. ನಮ್ಮೂರಲ್ಲಿ ಬೆನ್ನಿಗೆ ಮಾತು ಕೇಳಿಸೋದಿಲ್ಲ. ಮೆಟ್ಟಿಲು ಇಳಿದೆ. ಚನ್ನಿಗಪ್ಪ ಆಗಲೇ ಸೊಂಟದವರೆಗಿನ ನೀರಲ್ಲಿ ಇಳಿದು ಶೆಡ್ಡಿನ ಕಂಬ ಹಿಡಿದಿದ್ದ, ಕೈ ಚಾಚಿ ನನ್ನ ಎಳೆದುಕೊಂಡ. ಒಳಗೆ ಬಣ್ಣದ ಡಬ್ಬಗಳು ತೇಲಿಕೊಂಡು ಮಂಡಿಗೆ ಬಡೀತಿದ್ದವು. ಕರೆಂಟಿನ ಹಲಗೆಗೂ ನೀರಿಗೂ ನಡುವೆ ಒಂದು ಗೇಣು ಇದ್ದರೆ ಹೆಚ್ಚು. ಕೆಂಪಿ ಕುರ್ಚಿ ಮೇಲೆ ಕಾಲು ಮಡಚಿ ಕೂತು, ಒಂದು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು.

ನಾನು ಅವಳ ಮುಖ ಹಿಡಿದು ತಿರುಗಿಸಿದೆ. ಅವಳು ನನ್ನ ನೋಡಿ ಹೆದರಿದಳು.

“ನೀನು ಇಲ್ಲಿ ಯಾಕಿದೀಯ ಅಕ್ಕ? ಅಲ್ಲಿರಬೇಕಲ್ಲ ನೀನು? ನಾನು ಬರೀತಾನೇ ಇದೀನಿ, ನೀನು ಉತ್ತರಾನೇ ಕೊಡ್ತಿಲ್ಲ” ಅಂದಳು. “ಎಲ್ಲರಿಗೂ ಮುಟ್ಟಿತಾ?”

ನನಗೆ ಅಳು ಬಂತು, ಕೋಪ ಬಂತು, ಎರಡೂ ಒಟ್ಟಿಗೆ ಬಂತು. ಬಾ ಅಂತ ಎಳೆದರೆ ಬರೋಳಲ್ಲ ಅವಳು, ನನಗೆ ಗೊತ್ತು. ಅವಳ ಕಿವಿ ಹತ್ತಿರ ಬಾಯಿ ಇಟ್ಟೆ.

“ಮುಟ್ಟಿತು ಕಣೆ” ಅಂದೆ. “ಎಲ್ಲರಿಗೂ ಮುಟ್ಟಿತು. ಏಳು.”

ಆಗ ಎದ್ದಳು. ಚನ್ನಿಗಪ್ಪ ಏನೂ ಕೇಳದೆ ಅವಳನ್ನ ಮೂಟೆ ಹಾಗೆ ಬೆನ್ನ ಮೇಲೆ ಹೊತ್ತುಕೊಂಡ. ನಾವು ಐದನೇ ಮೆಟ್ಟಿಲು ಹತ್ತೋದರೊಳಗೆ ಶೆಡ್ಡಿನ ಒಳಗೆ ಚಟಪಟ ಅಂತ ಏನೋ ಸಿಡಿದು ಹಸಿರು ಬೆಳಕು ಆರಿತು. ಮೇಲೆ ಬಂದು ಇಳಿಸಿದಮೇಲೆ ಅವನು ಕಂಬಕ್ಕೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಕೆಂಪಿ ಅವನ ಬೆನ್ನು ಸವರಿದಳು. ನಾನೂ ಸ್ವಲ್ಪ ಸವರಿದೆ.

ಆ ವರ್ಷ ಮದುವೆಗೆ ಬಣ್ಣದ ಸೀರೆ ಉಟ್ಟವರು ನಮ್ಮೂರಲ್ಲಿ ಕಡಿಮೆ. ಬಟ್ಟೆಯೆಲ್ಲ ಹೊಳೆ ಪಾಲಾಯ್ತು. ಜನರಲ್ಲಿ ಒಬ್ಬರೂ ಕೊಚ್ಚಿಹೋಗಲಿಲ್ಲ. ಅವತ್ತು ನಾನು ಕೆಂಪಿಯನ್ನ ಎಕ್ಸ್‌ಚೇಂಜಿಗೇ ಕರೆದುಕೊಂಡು ಬಂದು, ಕಂಬಳಿ ಹೊದಿಸಿ ಕೂರಿಸಿ, ಪರದೆ ನೋಡಿದೆ. ಅವಳ ಸಂದೇಶಗಳು ಬಂದು ಕೂತಿದ್ದವು. ಮುಟ್ಟಿಸಿದೆ. ಅಕ್ಕ, ಮುಟ್ಟಿಸಿದೆ. ಓದಿದೆಯಾ? ನೀರು ಜಗುಲಿಗೆ ಬಂತು, ಓದಿದರೆ ಹೇಳು. ಅಕ್ಕ, ಇದೀಯಾ? ಅದನ್ನೆಲ್ಲ ನಾನು ಓದಿ ಮುಗಿಸೋವರೆಗೆ ಅವಳು ಹಿಂದೆ ಕೂತು ಕೂದಲು ಒರೆಸಿಕೊಳ್ತಿದ್ದಳು. ನಾನು ತಿರುಗಿ ನೋಡಲಿಲ್ಲ, ನೋಡಿದ್ದರೆ ಅತ್ತುಬಿಡ್ತಿದ್ದೆ.

ಲಾಜರಸ್ ಓಡಿ ಬಂದರು. ಲಿಸ್ಟ್ ಮತ್ತೆ ಮಾಡೋಣ, ಈ ಸಲ ಯಾರೂ ರಿಪ್ಲೈ ಮಾಡೋಕಾಗದ ಹಾಗೆ ಬೀಗ ಹಾಕೋಣ ಅಂದರು. ಹಾಕಿ ಅಂದೆ. ಜೊತೆಗೆ ಬೀದಿಯ ಕಿವಿಗಳನ್ನೂ ಬಿಡೋದಿಲ್ಲ, ಇನ್ನು ಮೇಲೆ ಒಬ್ಬೊಬ್ಬರಿಗೂ ಇಬ್ಬಿಬ್ಬರು ಅಂದೆ. ಅವರು ಕೆಂಪಿ ಕಡೆ ನೋಡಿ, ಇದು ನಿಮಗೆ ಹೇಗೆ ಹೊಳೀತು ಅಂತ ಕೇಳಿದರು. “ನಿಮ್ಮ ಡಬ್ಬ ಮಾಡ್ತಿದ್ದದ್ದು ಅದನ್ನೇ ಅಲ್ಲವಾ, ಒಂದು ಬಂದರೆ ಹಲವು ಮಾಡಿ ಬಿಡೋದು?” ಅಂದಳು ಅವಳು.

ಜನ ಹೆಸರು ಹಾಕಿಸೋಕೆ ಮತ್ತೆ ಸಾಲು ನಿಂತರು. ನಾನು ಮೊದಲ ಹೆಸರು ಕೆಂಪಾಜಿ ಅಂತ ಹೊಡೆಯೋಕೆ ಹೊರಟಿದ್ದೆ. ಅವಳು ನನ್ನ ಕೈ ಹಿಡಿದಳು.

“ನನ್ನದು ಕೊನೆಗೆ ಹಾಕು.”

“ಕೊನೆಗಾ? ಬೇಡ ಕಣೆ, ನನಗೆ ಭಯ ಆಗುತ್ತೆ” ಅಂದೆ. ಲಾಜರಸ್, ಮೊದಲು ಕೊನೆ ಅನ್ನೋದಕ್ಕೆ ಇದರಲ್ಲಿ ಅಂಥ ವ್ಯತ್ಯಾಸ ಇಲ್ಲ ಮೇಡಂ ಅಂತ ಸಮಾಧಾನ ಹೇಳೋಕೆ ಬಂದರು.

“ಇರಲಿ. ನನಗೆ ಬಂತು ಅಂದರೆ ಎಲ್ಲರಿಗೂ ಬಂದಿದೆ ಅಂತ ಗೊತ್ತಾಗಬೇಕು” ಅಂದಳು ಕೆಂಪಿ. “ಅವತ್ತು ಆ ಕುರ್ಚಿಯಲ್ಲಿ ಕೂತು ಅದೊಂದೇ ನನಗೆ ಗೊತ್ತಾಗಲಿಲ್ಲ.”

ಊರಿನ ಹೆಸರೆಲ್ಲ ಮುಗಿದಮೇಲೆ ಕಟ್ಟಕಡೆಗೆ ಅವಳ ಹೆಸರು ಹಾಕಿದೆ. ಬಗ್ಗಿ ಅವಳ ಕಿವಿಯಲ್ಲಿ ಸೇರಿಸಿದೆ ಅಂದೆ. ಮುಟ್ಟಿತು ಅಂದಳು. ಆಗ ನಾನು ಎದ್ದು ಹೋಗಿ ಇಬ್ಬರಿಗೂ ಕಾಫಿ ಬೆರೆಸಿದೆ.